ಥಿರೂಲ್: ಘಟ್ಟದಿಂದ ಕಡಲಿಗೆ ಇಳಿಯುವ ನೀರಿನ ಜಾಡು

ಇಲ್ಲಿ ಚಳಿಗಾಲವಾದ ಜೂನ್ ತಿಂಗಳ ಸಂಜೆ ಕಡಲ ಮೇಲೆ ಇನ್ನೂ ಬಿಸಿಲಿರುವಾಗಲೇ ಆಸ್ಟ್ರೇಲಿಯಾದ ಥಿರೂಲ್‌ನ ಮನೆಗಳಿಗೆ ಸೂರ್ಯ ಮರೆಯಾಗಿರುತ್ತಾನೆ. ಪಡುವಣದಲ್ಲಿ ಸುಮಾರು ನಾನೂರು ಮೀಟರ್ ಎತ್ತರದ ಘಟ್ಟ ಅಡ್ಡ ನಿಂತಿದೆ. ಅದರ ನೆರಳು ಬಿದ್ದ ಇಳಿಜಾರಿನಲ್ಲಿ ಬಟ್ಟೆ ಒಣಗುವುದು ತಡ, ಹಂಚಿಗೆ ಪಾಚಿ ಹತ್ತುವುದು ಬೇಗ, ನೆಲದ ಪಸೆ ಆರುವುದೇ ಅಪರೂಪ. ಈ ಊರಿನ ಕಾಡು, ಹಳ್ಳ, ಮರಳು, ಕುಸಿಯುವ ರಸ್ತೆ ಎಲ್ಲದರ ಹಿಂದೆಯೂ ಇರುವುದು ಈ ಪಸೆ, ಅಂದರೆ ನೀರು. ಅದು ಎಲ್ಲಿ ಇಂಗುತ್ತದೆ, ಎಲ್ಲಿ ಹೊರಬರುತ್ತದೆ, ಎಲ್ಲಿ ನಾವು ಅದರ ದಾರಿ ತಪ್ಪಿಸಿದ್ದೇವೆ ಎಂಬುದು ತಿಳಿದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ಥಿರೂಲ್ ಇರುವುದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ, ಸಿಡ್ನಿಯಿಂದ ದಕ್ಷಿಣಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿ. ವೊಲೊಂಗಾಂಗ್ ನಗರದ ಉತ್ತರ ತುದಿಯ ಬಡಾವಣೆಗಳಲ್ಲಿ ಇದೂ ಒಂದು. ಉತ್ತರಕ್ಕೆ ಆಸ್ಟಿನ್‌ಮರ್, ಕೋಲ್‌ಡೇಲ್, ದಕ್ಷಿಣಕ್ಕೆ ಬುಲೈ. ಹಿಂದೆ ಇಲ್ಲವಾರ ಘಟ್ಟ, ಮುಂದೆ ಪೆಸಿಫಿಕ್. ನಮ್ಮ ಕರಾವಳಿಯಲ್ಲಿ ಘಟ್ಟಕ್ಕೂ ಕಡಲಿಗೂ ನಡುವೆ ಹೆಚ್ಚಿನ ಕಡೆ ಹತ್ತಾರು ಕಿಲೋಮೀಟರ್ ಅಂತರವಿದೆ, ಕಾರವಾರದ ಸುತ್ತ ಮಾತ್ರ ಗುಡ್ಡಗಳು ನೀರಿಗೇ ಬಂದು ನಿಲ್ಲುತ್ತವೆ. ಇಲ್ಲಿ ಆ ಅಂತರ ಎರಡು ಕಿಲೋಮೀಟರಿನ ಆಸುಪಾಸು. ಉತ್ತರಕ್ಕೆ ಹೋದಂತೆ ಇನ್ನೂ ಕಿರಿದಾಗಿ, ಕೋಲ್‌ಕ್ಲಿಫ್‌ನಲ್ಲಿ ಬಂಡೆ ನೇರವಾಗಿ ಅಲೆಗೇ ಇಳಿಯುತ್ತದೆ. ಹುಟ್ಟಿನಲ್ಲಿ ಮಾತ್ರ ಎರಡೂ ಘಟ್ಟಗಳಿಗೆ ನಂಟಿದೆ: ಎರಡೂ ಗೊಂಡ್ವಾನಾ ಭೂಖಂಡ ಸೀಳಿದ ಕಾಲದ ಅಂಚುಗಳು. ಸುಮಾರು 8 ಕೋಟಿ ವರ್ಷಗಳ ಹಿಂದೆ ಟಾಸ್ಮನ್ ಕಡಲು ಬಾಯ್ದೆರೆದಾಗ ಉಳಿದ ಅಂಚು ಸವೆಯುತ್ತ ಸವೆಯುತ್ತ ಪಡುವಣಕ್ಕೆ ಸರಿದು ಈಗಿನ ಜಾಗಕ್ಕೆ ಬಂದಿದೆ. ಆ ಸವೆತ ನಿಂತಿಲ್ಲ. ಇಲ್ಲಿ ಮನೆ ಕಟ್ಟುವವರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಮೊದಲ ಸಂಗತಿ ಅದೇ.

ಘಟ್ಟದ ನೆತ್ತಿಯಲ್ಲಿರುವುದು ಹಾಕ್ಸ್‌ಬರಿ ಮರಳುಗಲ್ಲು. ಗಟ್ಟಿ ಕಲ್ಲು, ಆದರೆ ಬಿರುಕುಗಳು ತುಂಬ. ಅದರ ಕೆಳಗೆ ನ್ಯಾರಬೀನ್ ಗುಂಪಿನ ಪದರಗಳು: ಒಂದು ಮರಳುಗಲ್ಲು, ಒಂದು ಜೇಡಿಗಲ್ಲು, ಮತ್ತೆ ಮರಳುಗಲ್ಲು. ಇನ್ನೂ ಕೆಳಗೆ ಕಲ್ಲಿದ್ದಲಿನ ಪದರಗಳು. ಅವುಗಳಲ್ಲಿ ಎಲ್ಲಕ್ಕಿಂತ ಮೇಲಿನದು ಬುಲೈ ಪದರ. ಮರಳುಗಲ್ಲು ಕಡಿದಾಗಿ ನಿಲ್ಲುತ್ತದೆ, ಜೇಡಿಗಲ್ಲು ಗಾಳಿ–ನೀರು ತಗುಲಿದೊಡನೆ ಮೆತ್ತಗಾಗಿ ಹಿಂದೆ ಸರಿಯುತ್ತದೆ. ಅದಕ್ಕೇ ಘಟ್ಟ ಒಂದೇ ಗೋಡೆಯಾಗಿರದೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಮಳೆನೀರು ಮರಳುಗಲ್ಲಿನ ಬಿರುಕುಗಳಲ್ಲಿ ಇಳಿದು, ಜೇಡಿಗಲ್ಲಿಗೆ ಬಂದಾಗ ಮುಂದೆ ಹೋಗಲಾರದೆ ಅಡ್ಡಲಾಗಿ ಹರಿದು ಒರತೆಯಾಗಿ ಹೊರಬೀಳುತ್ತದೆ. ಬೇಸಗೆಯಲ್ಲೂ ಒಂದೇ ಮಟ್ಟದಲ್ಲಿ ಸಾಲಾಗಿ ಜರೀಗಿಡ, ಪಾಚಿ ಕಂಡರೆ ಅಲ್ಲಿ ಒಳಗೆ ಜೇಡಿಗಲ್ಲು ಇದೆ ಎಂದು ಬಹುಮಟ್ಟಿಗೆ ಹೇಳಬಹುದು.

ಕಲ್ಲಿದ್ದಲಿನ ಸುದ್ದಿ ಹೊರಜಗತ್ತಿಗೆ ತಿಳಿದದ್ದರಲ್ಲಿ ಭಾರತದ ನಂಟೂ ಇದೆ. ಕಲ್ಕತ್ತೆಯಿಂದ ಹೊರಟ ‘ಸಿಡ್ನಿ ಕೋವ್’ ಹಡಗು 1797ರಲ್ಲಿ ಟಾಸ್ಮೇನಿಯಾದ ಉತ್ತರದ ದ್ವೀಪವೊಂದರ ಬಳಿ ಒಡೆಯಿತು. ನೆರವು ತರಲು ಹೊರಟ ತಂಡದಲ್ಲಿ ಬಂಗಾಳದ ಖಲಾಸಿಗಳೂ ಇದ್ದರು. ಕರಾವಳಿ ಹಿಡಿದು ನೂರಾರು ಮೈಲಿ ನಡೆದು ಸಿಡ್ನಿ ಸೇರಿದವರು ಮೂವರು ಮಾತ್ರ. ದಾರಿಯಲ್ಲಿ ಬಂಡೆಯಲ್ಲಿ ಕಂಡ ಕಲ್ಲಿದ್ದಲಿನ ಸುದ್ದಿಯನ್ನು ಅವರೇ ತಂದರು. ಅದೇ ವರ್ಷ ಅನ್ವೇಷಕ ಜಾರ್ಜ್ ಬಾಸ್ ಹೋಗಿ ಕೋಲ್‌ಕ್ಲಿಫ್‌ನಲ್ಲಿ ಆ ಪದರವನ್ನು ನೋಡಿ ಬಂದರು. ಮುಂದಿನ ಶತಮಾನದಲ್ಲಿ ಗಣಿಗಳು ಘಟ್ಟದ ಮೈಗೆ ಅಡ್ಡಲಾಗಿ ಕೊರೆದವು. ಜೀವಗಳೂ ಹೋದವು: ಬುಲೈಯಲ್ಲಿ 1887ರಲ್ಲಿ 81, ಮೌಂಟ್ ಕೆಂಬ್ಲಾದಲ್ಲಿ 1902ರಲ್ಲಿ 96.

ಇನ್ನು ಮನೆಗಳು ನಿಂತಿರುವ ನೆಲದ ಮಾತು. ಘಟ್ಟದ ಕೆಳಮೈಯನ್ನೆಲ್ಲ ಮುಚ್ಚಿರುವುದು ಮೇಲಿನಿಂದ ಜರಿದು ಬಂದ ಜೇಡಿಮಣ್ಣು ಮತ್ತು ಅದರಲ್ಲಿ ಹುದುಗಿದ ಮರಳುಗಲ್ಲಿನ ಗುಂಡುಗಳು. ಕೆಲವು ಗುಂಡುಗಳು ಕಾರಿನಷ್ಟು ದೊಡ್ಡವು. ಮೇಲ್ನೋಟಕ್ಕೆ ಗಟ್ಟಿ ನೆಲವೆನಿಸುತ್ತದೆ, ಆದರೆ ಇದು ಕುಳಿತ ನೆಲವಲ್ಲ, ಇಳಿಯುತ್ತಿರುವ ರಾಶಿ. ಒಣಗಿದಾಗ ಕಣಗಳ ನಡುವಿನ ತಿಕ್ಕಾಟ ರಾಶಿಯನ್ನು ಹಿಡಿದಿಡುತ್ತದೆ. ಒಳಗೆ ನೀರು ಏರಿದಂತೆ ಅದರ ಒತ್ತಡ ಕಣಗಳನ್ನು ಒಂದರಿಂದೊಂದು ಎತ್ತಿ, ತಿಕ್ಕಾಟ ಕಡಿಮೆಯಾಗಿ, ರಾಶಿ ಜೇಡಿಗಲ್ಲಿನ ಮೇಲೆ ಜಾರತೊಡಗುತ್ತದೆ. ಆಳವಾದ, ನಿಧಾನದ ಜಾರುವಿಕೆಗೆ ಒಂದು ದಿನದ ಮಳೆಗಿಂತ ಹಿಂದಿನ ಎರಡು ಮೂರು ತಿಂಗಳ ಒಟ್ಟು ಮಳೆ ಮುಖ್ಯ. ಗಂಟೆಗಟ್ಟಲೆ ಹುಚ್ಚಾಗಿ ಸುರಿದ ಮಳೆ ಬೇರೆ ಥರದ್ದನ್ನು ತರುತ್ತದೆ: ಮೇಲ್ಪದರದ ಮಣ್ಣು, ಕಲ್ಲು, ಮರ ಒಟ್ಟಾಗಿ ಕಮರಿಯಲ್ಲಿ ನುಗ್ಗಿ ಬರುತ್ತವೆ. ಹಾಗಾಗಿ ‘ಇವತ್ತು ಮಳೆ ಬಿಟ್ಟಿತಲ್ಲ’ ಎಂದು ನಿರಾಳವಾಗುವುದು ಸರಿಯಲ್ಲ. ಒಳಗಿನ ನೀರಿನ ಮಟ್ಟ ಮಳೆ ನಿಂತ ಮೇಲೂ ಏರುತ್ತಿರಬಹುದು.

1988ರ ಏಪ್ರಿಲ್ 30ರಂದು ಕೋಲ್‌ಡೇಲ್‌ನಲ್ಲಿ ರೈಲುಹಳಿಯ ದಿಬ್ಬವೇ ಕುಸಿದು ಕೆಳಗಿನ ಮನೆಯ ಮೇಲೆ ಬಿತ್ತು. ತಾಯಿ, ಮಗು ಇಬ್ಬರೂ ತೀರಿಕೊಂಡರು. ಬಂಡೆ ಉರುಳುವುದು ನಿಲ್ಲದೆ ಕರಾವಳಿ ರಸ್ತೆಯ ಒಂದು ತುಂಡನ್ನು 2003ರಲ್ಲಿ ಮುಚ್ಚಿ, 2005ರ ಕೊನೆಯಲ್ಲಿ 665 ಮೀಟರ್ ಉದ್ದದ ಸೀ ಕ್ಲಿಫ್ ಸೇತುವೆಯನ್ನು ಕಡಲ ಮೇಲೆಯೇ ಹಾಯಿಸಿದರು. ಘಟ್ಟವನ್ನು ತಡೆದು ನಿಲ್ಲಿಸುವ ಬದಲು ರಸ್ತೆಯೇ ಪಕ್ಕಕ್ಕೆ ಸರಿಯಿತು. ಇಂಥ ಜಾಗದಲ್ಲಿ ಅದೇ ವಿವೇಕ. ಅಂಕೋಲಾ ಬಳಿಯ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಗುಡ್ಡ ಬಿದ್ದದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಳಿಜಾರಿನ ಕಾಲು ಕಡಿದರೆ ಮೇಲಿನ ಭಾರ ಹೊರುವುದು ಯಾವುದು?

ನೆಲ ಜಾರುತ್ತಿದ್ದರೆ ಅದರ ಗುರುತುಗಳು ಮೊದಲೇ ಕಾಣುತ್ತವೆ. ಒಂದು ಮರದ ಬುಡ ಬಾಗಿದ್ದರೆ ಅದು ಬೆಳಕಿಗಾಗಿ ಬಾಗಿರಬಹುದು. ಹತ್ತು ಮರಗಳು ಒಂದೇ ದಿಕ್ಕಿಗೆ ಬುಡದಲ್ಲಿ ಬಾಗಿ ಮೇಲೆ ನೆಟ್ಟಗಾಗಿದ್ದರೆ ನೆಲವೇ ಜಾರುತ್ತಿದೆ. ಬೇಲಿಯ ಗೂಟಗಳು ಸಾಲು ತಪ್ಪುವುದು, ಮಳೆಗಾಲದ ನಂತರ ಬಾಗಿಲು ಚೌಕಟ್ಟಿಗೆ ಕಚ್ಚುವುದು, ಇಳಿಜಾರಿಗೆ ಅಡ್ಡವಾಗಿ ಅರ್ಧಚಂದ್ರಾಕಾರದ ಬಿರುಕು, ಹಿಂದೆಂದೂ ಇಲ್ಲದ ಕಡೆ ಹುಲ್ಲಿನಲ್ಲಿ ನೀರು ಜಿನುಗುವುದು: ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಭೂತಾಂತ್ರಿಕ ಎಂಜಿನಿಯರನ್ನು, ಅಂದರೆ ನೆಲದ ಗಟ್ಟಿತನ ಪರೀಕ್ಷಿಸುವವರನ್ನು, ಕರೆಸಬೇಕು. ಬಿರುಕಿಗೆ ಸಿಮೆಂಟ್ ಮೆತ್ತುವುದಕ್ಕಿಂತ ಮೊದಲು, ಅದರ ಎರಡೂ ಬದಿಗೆ ಮೊಳೆ ಹೊಡೆದು ಅಂತರವನ್ನು ತಿಂಗಳಿಗೊಮ್ಮೆ ಅಳೆದು ಬರೆದಿಡುವುದು ಒಳ್ಳೆಯದು. ಎಂಜಿನಿಯರಿಗೆ ಆ ಪಟ್ಟಿ ತುಂಬ ಬೇಕಾಗುತ್ತದೆ.

ಮನೆಯವರ ಕೈಯಲ್ಲಿರುವ ದೊಡ್ಡ ಕೆಲಸ ಮಾಡಿನ ನೀರಿನದು. ಲೆಕ್ಕ ಸರಳ: ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. 200 ಚದರ ಮೀಟರಿನ ಮಾಡಿಗೆ 100 ಮಿ.ಮೀ. ಮಳೆ ಬಿದ್ದರೆ 20,000 ಲೀಟರ್. ಕರಾವಳಿಯಲ್ಲಿ ವರ್ಷದ ಮಳೆ ಸುಮಾರು 1,200–1,300 ಮಿ.ಮೀ.; ಕಡಲ ಗಾಳಿ ಘಟ್ಟಕ್ಕೆ ಬಡಿದು ಮೇಲೇರುವುದರಿಂದ ನೆತ್ತಿಯಲ್ಲಿ ಇನ್ನೂ ಹೆಚ್ಚು. ಮಂಗಳೂರಿನ ಮಳೆಗೆ ಹೋಲಿಸಿದರೆ ಇದು ಅರ್ಧಕ್ಕೂ ಕಡಿಮೆ. ಆದರೆ ಇಲ್ಲಿ ಮಳೆಗಾಲ ಎಂಬ ಗೊತ್ತಾದ ನಾಲ್ಕು ತಿಂಗಳಿಲ್ಲ. ಬೇಸಗೆಯ ಕೊನೆಗೆ ತುಸು ಹೆಚ್ಚು ಎನ್ನಬಹುದಷ್ಟೆ. ಪೂರ್ವ ಕರಾವಳಿಯ ವಾಯುಭಾರ ಕುಸಿತ ಬಂತೆಂದರೆ ಚಳಿಗಾಲದ ನಡುವೆಯೂ ಒಂದೆರಡು ದಿನದಲ್ಲಿ ತಿಂಗಳುಗಳ ಮಳೆ ಸುರಿದು ಹೋಗುತ್ತದೆ. ಹಾಗಾಗಿ ದಂಬೆ, ಕೊಳವೆ ವರ್ಷವಿಡೀ ಚೊಕ್ಕಟವಾಗಿರಬೇಕು.

ಇಂಗುಗುಂಡಿ ತೆಗೆದು ಮಾಡಿನ ನೀರನ್ನು ಅಲ್ಲೇ ಇಂಗಿಸುವುದು ಬಯಲಿನಲ್ಲಿ, ಮರಳು ನೆಲದಲ್ಲಿ ಪುಣ್ಯದ ಕೆಲಸ. ಜರಿದು ಬಂದ ಮಣ್ಣಿನ ಇಳಿಜಾರಿನಲ್ಲಿ ಅದೇ ಕೇಡು: ಕೆಳಗಿನ ಮನೆಯ ತಡೆಗೋಡೆಯ ಹಿಂದಕ್ಕೆ ನೀರು ಕಳಿಸಿದಂತೆ. ಇಲ್ಲಿ ಮಾಡಿನ ನೀರು, ಟ್ಯಾಂಕ್ ತುಂಬಿ ಹೊರಚೆಲ್ಲುವ ನೀರು ಎರಡೂ ಮುಚ್ಚಿದ ಪೈಪಿನಲ್ಲಿ ರಸ್ತೆಯ ಚರಂಡಿಗೋ ಹಳ್ಳಕ್ಕೋ ಹೋಗಬೇಕು. ತಡೆಗೋಡೆಗಳು ಬೀಳುವುದು ಹೆಚ್ಚಾಗಿ ಮಣ್ಣಿನ ಭಾರಕ್ಕಲ್ಲ, ಹಿಂದೆ ಕಟ್ಟಿಕೊಂಡ ನೀರಿಗೆ. ಗೋಡೆಯ ಬೆನ್ನಿಗೆ ಅಡಿಯಿಂದ ಮೇಲಿನವರೆಗೆ ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ಸೋಸುಬಟ್ಟೆ, ತಳದಲ್ಲಿ ತೂತುಗಳ ಪೈಪು, ಅದಕ್ಕೆ ನೂರಕ್ಕೆ ಒಂದರಷ್ಟಾದರೂ ಇಳಿಜಾರು, ಮತ್ತು ಪೈಪಿನ ಹೊರತುದಿ ಕಣ್ಣಿಗೆ ಕಾಣುವಂತಿರಬೇಕು. ಸೋಸುಬಟ್ಟೆಯ ಖರ್ಚು ಉಳಿಸಿದರೆ ಜೇಡಿ ನುಗ್ಗಿ ಜಲ್ಲಿಯನ್ನೂ ಪೈಪನ್ನೂ ಕಟ್ಟಿಹಾಕುತ್ತದೆ. ಮಳೆ ಬಂದ ಮರುದಿನ ಆ ತುದಿಯಲ್ಲಿ ನೀರು ತೊಟ್ಟಿಕ್ಕದಿದ್ದರೆ ಕಟ್ಟಿದೆ ಎಂದೇ ತಿಳಿಯಬೇಕು.

ಹಳ್ಳಗಳು ಚಿಕ್ಕವು. ಫ್ಲ್ಯಾನಗನ್ಸ್, ಹೆವಿಟ್ಸ್, ಸ್ಲ್ಯಾಕಿ – ಇವುಗಳ ಹೆಸರು ಊರಿನ ಹೊರಗೆ ಯಾರಿಗೂ ಗೊತ್ತಿರದು. ವರ್ಷದ ಬಹುಕಾಲ ದಾಟಲು ಹೆಜ್ಜೆ ನೆನೆಯಬೇಕಿಲ್ಲ. ಆದರೆ ನಾನೂರು ಮೀಟರ್ ಮೇಲಿನಿಂದ ಕಡಲ ಮಟ್ಟಕ್ಕೆ ಕೆಲವೇ ಕಿಲೋಮೀಟರಿನಲ್ಲಿ ಇಳಿಯುವುದರಿಂದ, ಮಳೆ ಜೋರಾದ ಒಂದು ಗಂಟೆಯೊಳಗೆ ನೆರೆ ಮನೆಬಾಗಿಲಲ್ಲಿರುತ್ತದೆ. 1998ರ ಆಗಸ್ಟ್ 17ರ ನೆರೆ ಈ ಊರುಗಳಿಗೆ ಮರೆಯಲಾಗದ ಪಾಠ ಕಲಿಸಿತು. ಅಂದು ನೀರಿನಷ್ಟೇ ಹಾನಿ ಮಾಡಿದ್ದು ಮೋರಿಗಳು ಕಟ್ಟಿಕೊಂಡದ್ದು. ಗುಂಡುಕಲ್ಲು, ಬುಡಮೇಲಾದ ಮರ, ಬೇಲಿ, ಕಸದ ಡಬ್ಬಿ ಎಲ್ಲ ಬಂದು ಮೋರಿಯ ಬಾಯಿಗೆ ಸಿಕ್ಕಿ, ಹಳ್ಳ ದಡ ಹಾರಿ ಬೀದಿಯನ್ನೇ ಪಾತ್ರ ಮಾಡಿಕೊಂಡಿತು. ಅದರ ನಂತರ ವೊಲೊಂಗಾಂಗ್ ನಗರಸಭೆ ನೆರೆಯ ಲೆಕ್ಕಕ್ಕೆ ಹೊಸ ನಿಯಮ ತಂದಿತು: ಬಾಯಿಯ ಕರ್ಣ (ಮೂಲೆಯಿಂದ ಎದುರು ಮೂಲೆಗಿನ ಅಳತೆ) 6 ಮೀಟರಿಗಿಂತ ಕಡಿಮೆಯಿರುವ ಮೋರಿ ಪೂರ್ತಿ ಕಟ್ಟಿಕೊಂಡಿದೆ ಎಂದೇ ಎಣಿಸಿ ನಕ್ಷೆ ಮಾಡಬೇಕು. ಅತಿಯಾಯಿತು ಎಂಬ ವಾದ ಬಂದು ಮುಂದೆ ಅದನ್ನು ಸಡಿಲಿಸಿದರು. ಸಂಖ್ಯೆ ಏನೇ ಇರಲಿ, ಕಾಗದದ ಮೇಲೆ ತೆರೆದಿರುವ ಮೋರಿ ನೆರೆಯ ರಾತ್ರಿ ಮುಚ್ಚಿರುತ್ತದೆ ಎಂಬ ತಿಳಿವಳಿಕೆ ಸರಿಯಾದದ್ದೇ. ತೋಟದ ಕೊಂಬೆ, ಹುಲ್ಲನ್ನು ಹಳ್ಳದ ದಡದಲ್ಲಿ ರಾಶಿ ಹಾಕುವವರು ಕೆಳಗಿನ ಬೀದಿಗೆ ಮಾಡುವ ಅನ್ಯಾಯ ಸಣ್ಣದಲ್ಲ.

ಕಾಡು ಕೂಡ ನೀರಿನ ನಕ್ಷೆಯನ್ನೇ ಹಿಡಿದು ಬೆಳೆದಿದೆ. ಒರತೆಯಿರುವ, ಪಡುಗಾಳಿ ತಾಗದ ಕಮರಿಗಳಲ್ಲಿ ಮಳೆಕಾಡು: ಕೋಚ್‌ವುಡ್, ಸ್ಯಾಸಫ್ರಾಸ್, ನಮ್ಮ ನೇರಳೆಯ ಕುಲದ ಲಿಲ್ಲಿಪಿಲ್ಲಿ, ಆಲ–ಅತ್ತಿಗಳ ಕುಲದ ಫಿಗ್ ಮರಗಳು, ಬೀಸಣಿಗೆ ಗರಿಯ ಕ್ಯಾಬೇಜ್ ಪಾಮ್. ಒಣ ದಿಣ್ಣೆಗಳಲ್ಲಿ ಬ್ಲ್ಯಾಕ್‌ಬಟ್ ಮೊದಲಾದ ನೀಲಗಿರಿ ಜಾತಿಗಳು. ಬೇಸಗೆ ಕಾಲಿಡುವಾಗ ಇಲ್ಲವಾರ ಫ್ಲೇಮ್ ಮರ ಎಲೆ ಉದುರಿಸಿ ಕೆಂಪು ಹೂ ತಳೆದರೆ, ಮಳೆಕಾಡು ಎಲ್ಲೆಲ್ಲಿ ಉಳಿದಿದೆ ಎಂಬುದು ರೈಲಿನಿಂದಲೇ ಕಾಣುತ್ತದೆ. ದಿಣ್ಣೆಗೆ ಬೆಂಕಿ ಬರುತ್ತದೆ. ಒದ್ದೆ ಕಮರಿಯ ಅಂಚಿಗೆ ಬಂದು ಅದು ಸಾಮಾನ್ಯವಾಗಿ ನಿಲ್ಲುತ್ತದೆ. ಚಳಿಗಾಲದ ಕೊನೆಯಲ್ಲಿ ಘಟ್ಟದಿಂದ ಇಳಿಯುವ ಪಡುಗಾಳಿ ಒಣದು, ಬಿರುಸಿನದು. ಈ ನೆಲದ ಧರಾವಲ್ ಜನರ ಕಥೆಯಲ್ಲಿ ಪಡುಗಾಳಿ ಊಲಾ–ಬೂಲಾ–ವೂ ತನ್ನ ಹೆಣ್ಣುಮಕ್ಕಳ ಮೇಲೆ ಮುನಿದು ಅವರನ್ನು ಬಂಡೆಯ ಸಮೇತ ಕಡಲಿಗೆ ಎಸೆದ. ಪೋರ್ಟ್ ಕೆಂಬ್ಲಾ ಎದುರಿನ ಐದು ದ್ವೀಪಗಳು ಅವರೇ, ಉಳಿದ ಮಗಳು ಗೀರಾ ಮೌಂಟ್ ಕೀರಾ ಆದಳು. ಆಗಸ್ಟ್‌ನ ಗಾಳಿಗೆ ಹಂಚು ಹಾರುವುದನ್ನು ಕಂಡವರು ಈ ಕಥೆಯನ್ನು ಸುಲಭವಾಗಿ ಒಪ್ಪುತ್ತಾರೆ.

ರೆಡ್ ಸೀಡರ್ ಎಂದು ಇಲ್ಲಿನವರು ಕರೆಯುವ ಮರ ಪಶ್ಚಿಮ ಘಟ್ಟದಲ್ಲೂ ಇದೆ. ಮಲೆನಾಡಿನ ಕೆಲವೆಡೆ ನೋಗೆ, ಗಂಧಗರಿಗೆ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲೇ ನಾಟಾಕ್ಕಾಗಿ ದೊಡ್ಡ ಮರಗಳನ್ನೆಲ್ಲ ಕಡಿದು ಸಾಗಿಸಿದರು. ಮತ್ತೆ ಬೆಳೆಸಲು ಹೊರಟವರು ಒಂದು ಪತಂಗಕ್ಕೆ ಸೋಲುತ್ತಾರೆ. ಅದರ ಹುಳು ತುದಿಚಿಗುರನ್ನು ಕೊರೆಯುತ್ತದೆ, ಗಿಡ ನೆಟ್ಟಗೆ ಏರದೆ ಪೊದೆಯಾಗುತ್ತದೆ. ಬರೀ ಅದೇ ಗಿಡವನ್ನು ಸಾಲಾಗಿ ಬಿಸಿಲಲ್ಲಿ ನೆಟ್ಟಷ್ಟೂ ಹುಳುವಿಗೆ ಹಬ್ಬ. ಬೇರೆ ಮರಗಳ ನಡುವೆ, ಅರೆನೆರಳಿನಲ್ಲಿ, ಒಂದಕ್ಕೊಂದು ದೂರವಾಗಿ ನೆಟ್ಟರೆ ಉಳಿಯುವ ಸಾಧ್ಯತೆ ಹೆಚ್ಚು.

ಕಾಡಿನ ಅಂಚಿನ ಶತ್ರು ನಮಗೆ ಚಿರಪರಿಚಿತ: ಲಂಟಾನ. ಅದು ಒಣಗಿ ನಿಂತು, ಮಳೆಕಾಡಿನೊಳಕ್ಕೆ ಬೆಂಕಿಗೆ ದಾರಿ ಮಾಡಿಕೊಡುತ್ತದೆ. ಆದರೂ ಒಂದೇ ಸಲಕ್ಕೆ ಗುಡ್ಡ ಬೋಳಿಸುವುದು ತಪ್ಪು. ಮೊದಲನೆಯದಾಗಿ, ಕಡಿದ ಇಳಿಜಾರಿನಲ್ಲಿ ಮಣ್ಣು ಹಿಡಿಯಲು ಬೇರೇನೂ ಇರುವುದಿಲ್ಲ. ಎರಡನೆಯದಾಗಿ, ಫೇರಿ–ರೆನ್, ವಿಪ್‌ಬರ್ಡ್‌ನಂಥ ಪುಟ್ಟ ಹಕ್ಕಿಗಳಿಗೆ ಈಗ ಅದೇ ಆಸರೆ. ಸಿಡ್ನಿಯ ಮೋಸ್ಮನ್‌ನ ಜೋನ್ ಮತ್ತು ಐಲೀನ್ ಬ್ರಾಡ್ಲಿ ಸಹೋದರಿಯರು 1960ರ ದಶಕದಲ್ಲಿ ರೂಢಿಸಿದ ಕ್ರಮ ಇಲ್ಲಿ ತುಂಬ ಹೊಂದುತ್ತದೆ: ಚೆನ್ನಾಗಿ ಉಳಿದಿರುವ ಕಾಡಿನಿಂದ ಶುರುಮಾಡಿ ಕೆಟ್ಟ ಕಡೆಗೆ ಸಾಗಬೇಕು, ಮಣ್ಣು ಕೆದಕಬಾರದು, ತೆರವಾದ ಜಾಗದಲ್ಲಿ ಕಾಡುಸಸಿ ಹುಟ್ಟುವ ವೇಗಕ್ಕಿಂತ ಮುಂದೆ ಓಡಬಾರದು.

ಕೈಕೆಲಸ ಹೀಗೆ. ಲಂಟಾನದ ಕಾಂಡವನ್ನು ನೆಲದಿಂದ ಒಂದೆರಡು ಸೆಂಟಿಮೀಟರ್ ಬಿಟ್ಟು ಅಡ್ಡಲಾಗಿ ಕತ್ತರಿಸಿ, 15–20 ಸೆಕೆಂಡಿನೊಳಗೆ ಕತ್ತರಿಸಿದ ಮೈಗೆ ಗ್ಲೈಫೋಸೇಟ್ ಎಂಬ ಕಳೆನಾಶಕ ಹಚ್ಚಬೇಕು. ತಡವಾದರೆ ಗಾಯ ಮುಚ್ಚಿಕೊಂಡು ಮದ್ದು ಒಳಗೆ ಇಳಿಯುವುದಿಲ್ಲ, ಮುಂದಿನ ಮಳೆಗೆ ಬುಡ ಮತ್ತೆ ಚಿಗುರುತ್ತದೆ. ಆದ್ದರಿಂದ ಒಬ್ಬರು ಕತ್ತರಿ, ಒಬ್ಬರು ಕುಂಚ. ಹಳ್ಳದ ಹತ್ತಿರ ನೀರಿನ ಬಳಿ ಬಳಸಲು ಅನುಮತಿಯಿರುವ ಬಗೆಯನ್ನೇ ಬಳಸಬೇಕು. ಸತ್ತ ಬುಡವನ್ನು ಕೀಳಬಾರದು, ಬೇರು ಮಣ್ಣನ್ನು ಇನ್ನೊಂದೆರಡು ವರ್ಷ ಹಿಡಿದಿರುತ್ತದೆ. ಕಡಿದ ಕೊಂಬೆಗಳನ್ನು ಇಳಿಜಾರಿಗೆ ಅಡ್ಡವಾಗಿ ಹಾಸಬೇಕು. ಬಿಸಿಲು ಬಿದ್ದೊಡನೆ ಲಂಟಾನದ ಬೀಜಗಳು ಮೊಳೆಯುತ್ತವೆ. ಬೆಚ್ಚಗಿನ ತಿಂಗಳುಗಳಲ್ಲಿ ಆರೆಂಟು ವಾರಕ್ಕೊಮ್ಮೆ ಹೋಗಿ, ನೆಲ ಒದ್ದೆಯಿದ್ದಾಗ ಸಸಿಗಳನ್ನು ಕಿತ್ತು, ಮಣ್ಣನ್ನು ಕಾಲಲ್ಲಿ ಅದುಮಿ ಬರಬೇಕು. ಮತ್ತೆ ಮತ್ತೆ ಹೋಗಲು ಆಗದಷ್ಟು ದೊಡ್ಡ ಜಾಗವನ್ನು ತೆರವು ಮಾಡುವುದಕ್ಕಿಂತ ಲಂಟಾನ ಅಲ್ಲೇ ಇರುವುದು ಮೇಲು.

ಮಡೀರಾ ಬಳ್ಳಿಯ ಮುಂದೆ ಲಂಟಾನ ಸಾಧುಪ್ರಾಣಿ. ಹೃದಯದಾಕಾರದ, ದಪ್ಪ, ಹೊಳಪಿನ ಎಲೆ. ಕಾಂಡದ ಗಿಣ್ಣುಗಳಲ್ಲಿ ಶುಂಠಿಯಂಥ ಗಂಟುಗಡ್ಡೆಗಳು ಗೊಂಚಲಾಗಿ ಅಂಟಿರುತ್ತವೆ, ಬೆರಳು ಸೋಕಿದರೆ ಪಟಪಟನೆ ಉದುರುತ್ತವೆ. ಬಿದ್ದ ಪ್ರತಿ ಗಡ್ಡೆಯೂ ಒಂದು ಹೊಸ ಬಳ್ಳಿ. ಬುಡ ಕಡಿದು ಮೇಲಿನದನ್ನು ಮರದಲ್ಲೇ ನೇತುಬಿಟ್ಟರೆ ಅದು ಸಾಯುವ ಬದಲು ತಿಂಗಳುಗಟ್ಟಲೆ ಗಡ್ಡೆ ಉದುರಿಸುತ್ತದೆ. ಇದಕ್ಕೆ ಕಾಂಡವನ್ನು ಕಡಿಯದೆ, ಒಂದು ಬದಿಯ ಸಿಪ್ಪೆಯನ್ನು ಚಾಕುವಿನಿಂದ ಉದ್ದಕ್ಕೆ ಕೆರೆದು ಮದ್ದು ಹಚ್ಚಬೇಕು, ಇನ್ನೊಂದು ಬದಿಯಿಂದ ರಸ ಹರಿಯುತ್ತಲೇ ಇದ್ದು ಮದ್ದನ್ನು ಗಡ್ಡೆಯವರೆಗೆ ಒಯ್ಯುತ್ತದೆ. ಕೆಳಗೆ ಹಳೆಯ ಬಟ್ಟೆ ಹಾಸಿ ಉದುರಿದ್ದನ್ನೆಲ್ಲ ಆರಿಸಿಕೊಳ್ಳಬೇಕು. ಹಳ್ಳದ ದಡದಲ್ಲಿದ್ದರೆ ಇದೇ ಮೊದಲ ಕೆಲಸ, ಏಕೆಂದರೆ ಗಡ್ಡೆಗಳು ನೆರೆಯಲ್ಲಿ ತೇಲಿ ಕಡಲವರೆಗಿನ ದಡಗಳಿಗೆಲ್ಲ ಹಬ್ಬುತ್ತವೆ. ಕಮರಿಗೆ ಇಳಿಯುವವರು ಕೈಗವಸು, ಉದ್ದ ತೋಳಿನ ಅಂಗಿ ಬಿಡಬಾರದು: ನಮ್ಮ ಘಟ್ಟದ ತುರುಚೆ ಮರದ ಕುಲದ ಸ್ಟಿಂಗಿಂಗ್ ಟ್ರೀ ಇಲ್ಲಿದೆ, ಅದರ ಉರಿ ವಾರಗಟ್ಟಲೆ ಮರುಕಳಿಸುತ್ತದೆ. ಇಂಬಳ, ಉಣುಗು ಇದ್ದದ್ದೇ.

ತೆರವಾದಲ್ಲಿ ಸಸಿ ನೆಡುವುದಾದರೆ ಮಾರ್ಚ್‌ನಿಂದ ಮೇ ಒಳ್ಳೆಯ ಕಾಲ. ಮಣ್ಣು ಬೆಚ್ಚಗಿರುತ್ತದೆ, ಬೇಸಗೆಯ ಝಳ ಇಳಿದಿರುತ್ತದೆ. ಆದರೆ ಬೇಲಿಯಿಲ್ಲದೆ ನೆಟ್ಟರೆ ಜಿಂಕೆಗೆ ಊಟ ಹಾಕಿದಂತೆ. ಜಾವಾದ ರೂಸಾ ಜಿಂಕೆ, ನಮ್ಮ ಕಡವೆಯ ದಾಯಾದಿ, 1906ರಲ್ಲಿ ಉತ್ತರದ ರಾಯಲ್ ನ್ಯಾಷನಲ್ ಪಾರ್ಕಿಗೆ ತಂದು ಬಿಟ್ಟದ್ದು. ಈಗ ಅದು ಹಿತ್ತಲುಗಳಲ್ಲಿ ಮೇಯುತ್ತದೆ, ಎಳೆಮರಗಳ ತೊಗಟೆಗೆ ಕೊಂಬು ತಿಕ್ಕಿ ಸುತ್ತಲೂ ಸುಲಿದು ಕೊಲ್ಲುತ್ತದೆ. ಮೊಣಕಾಲೆತ್ತರದ ಪ್ಲಾಸ್ಟಿಕ್ ಕೊಳವೆ ಇದಕ್ಕೆ ಲೆಕ್ಕಕ್ಕಿಲ್ಲ. ಆಳೆತ್ತರದ ತಂತಿಬಲೆ, ಮೂರು ಗಟ್ಟಿ ಗೂಟ, ಸಸಿಯಿಂದ ಬಲೆಗೆ ಅರ್ಧ ಮೀಟರ್ ಅಂತರ ಬೇಕು. ಮಳೆಕಾಡಿನಲ್ಲಿ ದೊಡ್ಡ ಮರಗಳಿದ್ದೂ ಕೆಳಗೆ ಒಂದೂ ಎಳೆಸಸಿ ಇಲ್ಲದ ಜಾಗಗಳನ್ನು ನೋಡುವುದು ಸಂಕಟದ ಸಂಗತಿ. ಹಸಿರು ತುಂಬಿ ನಿಂತ ಕಾಡಿಗೆ ಮುಂದಿನ ತಲೆಮಾರೇ ಇರುವುದಿಲ್ಲ.

ಹಳ್ಳ ಕಡಲಿಗೆ ಸೇರುವಲ್ಲಿ ಅಲೆಗಳು ಮರಳು ಒಟ್ಟಿ ಬಾಯಿ ಮುಚ್ಚುತ್ತವೆ. ಹಿಂದೆ ನಿಂತ ಕಂದುನೀರನ್ನು ಕಂಡು ಗುದ್ದಲಿ ಹಿಡಿದು ಕಾಲುವೆ ತೋಡುವ ಹುಮ್ಮಸ್ಸು ಬೇಡ. ನೀರು ಥಟ್ಟನೆ ಇಳಿದರೆ ಮೀನು ಒಣನೆಲದಲ್ಲಿ ಉಳಿಯುತ್ತವೆ. ನೆರೆ ಬಂದಾಗ ಹಳ್ಳ ತಾನೇ ಬಾಯಿ ಒಡೆದುಕೊಳ್ಳುತ್ತದೆ. ಮರಳದಿಬ್ಬ ಹಿಡಿದಿರುವುದು ಸ್ಪಿನಿಫೆಕ್ಸ್ ಹುಲ್ಲು, ನಮ್ಮ ಕರಾವಳಿಯ ರಾವಣನ ಮೀಸೆಯ ಕುಲದ್ದು. ಅದರ ಕುಡಿ ಮರಳಿನ ಮೇಲೆ ಹರಿದು ಗಿಣ್ಣು ಗಿಣ್ಣಿಗೂ ಬೇರಿಳಿಸುತ್ತದೆ, ಮರಳು ಬಂದು ಮುಚ್ಚಿದಷ್ಟೂ ಮೇಲಕ್ಕೆ ಬೆಳೆಯುತ್ತದೆ. ತುಳಿತವೊಂದನ್ನು ಮಾತ್ರ ತಾಳದು. ದಿಬ್ಬ ಗಟ್ಟಿಮಾಡಲೆಂದು 1946ರಿಂದ 1968ರವರೆಗೆ ಸರ್ಕಾರವೇ ನೆಡಿಸಿದ ದಕ್ಷಿಣ ಆಫ್ರಿಕಾದ ಬಿಟೂ ಪೊದೆ ಈಗ ನ್ಯೂ ಸೌತ್ ವೇಲ್ಸ್ ಕರಾವಳಿಗೆಲ್ಲ ಹಬ್ಬಿದ ಕಳೆ.

ಬಂಡೆಹಾಸಿನ ಮೇಲೆ ಇಳಿತದ ಹೊತ್ತಿಗೆ ನೆಪ್ಚೂನ್ಸ್ ನೆಕ್‌ಲೆಸ್ ಪಾಚಿ ಕಾಣುತ್ತದೆ: ಆಲಿವ್ ಬಣ್ಣದ ಟೊಳ್ಳು ಮಣಿಗಳ ಸರ. ಮಣಿಯೊಳಗಿನ ನೀರೇ ಮುಂದಿನ ಉಬ್ಬರದವರೆಗೆ ಅದನ್ನು ಬಿಸಿಲಿನಿಂದ ಕಾಯುತ್ತದೆ. ಕಲ್ಲು ಎತ್ತಿ ನೋಡಿದವರು ಹೇಗಿತ್ತೋ ಹಾಗೇ ಮೆಲ್ಲಗೆ ಮರಳಿ ಇಡಬೇಕು, ಅಡಿಮೈಯ ಜೀವಿಗಳು ಬಿಸಿಲು ತಾಳವು. ಕುಳಿಗಳಲ್ಲಿ ಕೈಯಾಡಿಸಬಾರದು, ಹೆಬ್ಬೆರಳಿನಷ್ಟು ಮೈಯ ನೀಲಿಯುಂಗುರದ ಆಕ್ಟೋಪಸ್‌ನ ವಿಷಕ್ಕೆ ಮದ್ದಿಲ್ಲ. ಘಟ್ಟದಲ್ಲಿ ಜೋರು ಮಳೆಯಾದ ಮರುದಿನ ಹಳ್ಳದ ಬಾಯಿಂದ ಕಂದು ನೀರು ಕಡಲೊಳಕ್ಕೆ ಚಾಚಿರುತ್ತದೆ. ಅದರಲ್ಲಿ ಜೇಡಿಮಣ್ಣಿನ ಜೊತೆಗೆ ಬೀದಿಯ ಕೊಳೆ, ಉಕ್ಕಿದ ಒಳಚರಂಡಿಯ ನೀರೂ ಇರುತ್ತದೆ. ಅಂಥ ಮಳೆಯ ನಂತರ ತೆರೆದ ಕಡಲಿನಲ್ಲಿ ಕನಿಷ್ಠ ಒಂದು ದಿನ, ಹಳ್ಳದ ಬಾಯಲ್ಲೂ ನಿಂತ ನೀರಿನಲ್ಲೂ ಮೂರು ದಿನ ಈಜಿಗೆ ಇಳಿಯಬಾರದು. ಮೂರು ದಿನ ಕಳೆದರೂ ನೀರಿನ ಬಣ್ಣ ತಿಳಿಯಾಗದಿದ್ದರೆ ಮೇಲೆ ಎಲ್ಲೋ ದಡ ಜರಿದಿದೆ. ಹಳ್ಳದ ಗುಂಟ ನಡೆದು ಆ ಜಾಗ ಹುಡುಕಿ ನಗರಸಭೆಗೆ ತಿಳಿಸಬೇಕು.